ಕರೆಂಟು ಇಲ್ಲವೆಂಬುದಕ್ಕೆ ಸಾಕ್ಷಿ ಏನು?

ಕಲಾ ವಿದ್ಯಾರ್ಥಿಯಾದ ನನಗೆ ವಿದ್ಯುಚ್ಛಕ್ತಿಯ ಗೊಡವೆ ಏಕೆಂದು ಸಹಪಾಠಿಗಳು ಕೇಳಬಹುದು. ಕಾರಣವಿದೆ. ಬಸವಾಪಟ್ಟಣದಲ್ಲಿ ನಮ್ಮ ಚಿಕ್ಕಪ್ಪನವರ ಅಡಿಕೆ ತೋಟವಿದೆ. ಒಂದು ಸಂಜೆ ಅಲ್ಲಿಯ ಪಂಪ್‌ಸೆಟ್ಟಿನ ಮನೆಯ ಬಲ್ಬು ಆರಿತು. ಕರೆಂಟು ಹೋಯಿತೆಂದು ಭಾವಿಸಿ ಅವರು ಸ್ಟಾರ್ಟರಿನ ಸಡಿಲ ತಂತಿಗೆ ಕೈ ಹಾಕಿದರು. ಹೋಗಿದ್ದುದು ಮೂರು ಫೇಸುಗಳಲ್ಲಿ ಒಂದು ಮಾತ್ರ! ಜೀವವೇನೋ ಉಳಿಯಿತು, ಬಲಗೈಯ ಎರಡು ಬೆರಳುಗಳು ಇಂದಿಗೂ ಮಡಚುವುದಿಲ್ಲ.

ಅವರನ್ನು ನೋಡಲು ಬಂದ ನಮ್ಮ ಸೋದರಮಾವ ಬೆಂಗಳೂರಿನಲ್ಲಿ ವಿಮಾನ ದುರಸ್ತಿ ಮಾಡುವವರು. 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಸ್ಥಾಪನೆಯಾದಂದಿನಿಂದ ಆ ನಗರದಲ್ಲಿ ಈ ವಿದ್ಯೆ ಬೆಳೆದುಬಂದಿದೆ. 1951ರ ಆಗಸ್ಟ್ 5ರಂದು ಎಚ್.ಟಿ.-2 ವಿಮಾನ ಮೊದಲು ಹಾರಿದ್ದೂ ಅಲ್ಲಿಯೇ. "ದೀಪ ಆರಿದ್ದು ಸಾಕ್ಷಿಯಲ್ಲಪ್ಪ, ಬರಿಯ ಸಂದೇಹ," ಎಂದು ಅವರು ತಮ್ಮ ಕೆಲಸದ ಕ್ರಮವನ್ನು ನನಗೆ ವಿವರಿಸಿದರು.

ದೊಡ್ಡ ವಿಮಾನದಲ್ಲಿ ವಿದ್ಯುತ್ತಿಗೆ ಮೂಲ ಒಂದಲ್ಲ. ಬ್ಯಾಟರಿ, ಎಂಜಿನುಗಳ ಜನರೇಟರು, ಬಾಲದಲ್ಲಿರುವ ಸಹಾಯಕ ಯಂತ್ರ, ನೆಲದಿಂದ ಶಕ್ತಿ ಕೊಡುವ ಗಾಡಿ ಇವೆಲ್ಲವೂ ಉಂಟು. ಸಾಮಾನ್ಯವಾಗಿ 115 ವೋಲ್ಟಿನ ಎ.ಸಿ., 28 ವೋಲ್ಟಿನ ಡಿ.ಸಿ. ಎರಡೂ ಹರಿಯುತ್ತವೆ. 28 ವೋಲ್ಟು ಅಲ್ಪವೆಂದು ತೋರಬಹುದು; ಆದರೆ ಸ್ಪ್ಯಾನರು ತಾಗಿ ಕಿಡಿ ಹಾರಿದರೆ ಇಂಧನದ ಆವಿ ಹೊತ್ತಿಕೊಳ್ಳಬಹುದು, ಕೈಯ ಉಂಗುರ ಕಾದು ಬೆರಳು ಸುಡಬಹುದು.

ಆದುದರಿಂದ ಮೊದಲು ಈ ಮೂಲಗಳನ್ನೆಲ್ಲ ನಿಲ್ಲಿಸಿ, ಗಾಡಿಯ ತಂತಿಯನ್ನು ಕಳಚಿ, ಅಗತ್ಯವಿದ್ದರೆ ಬ್ಯಾಟರಿಯನ್ನೂ ಬೇರ್ಪಡಿಸುತ್ತಾರೆ. ಬಳಿಕ ಆಯಾ ಸರ್ಕೀಟಿನ ಬ್ರೇಕರಿನ ಗುಂಡಿಯನ್ನು ಹೊರಗೆಳೆದು, ಅದು ಮತ್ತೆ ಒಳಹೋಗದಂತೆ ಕ್ಲಿಪ್ಪು ಹಾಕಿ, ಎಚ್ಚರಿಕೆಯ ಚೀಟಿ ಕಟ್ಟುತ್ತಾರೆ. ಚಾಲಕನ ಕೋಣೆಗೆ ಬಂದ ಇನ್ನೊಬ್ಬನು ತಿಳಿಯದೆ ಅದನ್ನು ಒತ್ತಬಾರದಷ್ಟೆ. ಕೆಲವು ದೀಪಗಳ ಮತ್ತು ಎಂಜಿನ್ ಹೊತ್ತಿಸುವ ಪೆಟ್ಟಿಗೆಗಳ ಕೆಪಾಸಿಟರುಗಳಲ್ಲಿ ಶಕ್ತಿ ಉಳಿದಿರುವುದರಿಂದ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು.

ಕೊನೆಯದೇ ಮುಖ್ಯವಾದುದು. ಮೀಟರನ್ನು ಮೊದಲು ಕರೆಂಟು ಇದೆಯೆಂದು ಖಚಿತವಾಗಿ ಗೊತ್ತಿರುವ ಕಡೆ ಹಿಡಿದು ನೋಡಬೇಕು; ಆಮೇಲೆ ಕೆಲಸದ ಜಾಗದಲ್ಲಿ; ತಿರುಗಿ ಮೊದಲಿನ ಕಡೆ. ಮೀಟರೇ ಕೆಟ್ಟಿದ್ದರೆ ಅದೂ 'ಸೊನ್ನೆ' ಎಂದೇ ಹೇಳುವುದಲ್ಲವೇ?

ಇಲ್ಲವೆಂಬುದು ಇದೆಯೆಂಬುದಕ್ಕಿಂತ ಹೆಚ್ಚಿನ ಪುರಾವೆ ಬೇಡುತ್ತದೆ. ತರ್ಕಶಾಸ್ತ್ರದ ಈ ಪಾಠವನ್ನು ನಾನು ಕಲಿತದ್ದು ತರಗತಿಯಲ್ಲಲ್ಲ, ಚಿಕ್ಕಪ್ಪನವರ ಹಾಸಿಗೆಯ ಬಳಿ. ಈಗ ತೋಟದಲ್ಲಿ ಬಲ್ಬು ಆರಿದರೆ, ಲೈನ್‌ಮನ್ ಬಂದು ಪರೀಕ್ಷಿಸುವ ತನಕ ಅವರು ಯಾರನ್ನೂ ಆ ಪೆಟ್ಟಿಗೆ ಮುಟ್ಟಗೊಡುವುದಿಲ್ಲ.