ರಾತ್ರಿಯ ಅಂಕಿ ನೋಡಿ ಗಾಬರಿ ಬೀಳ್ಬೇಡಿ!

ಮಂಚದ ಪಕ್ಕ ಸಿಪ್ಯಾಪ್ ಯಂತ್ರ ಬಂದು ಕೂತಿದೆ. ಯಜಮಾನರ ಗೊರಕೆ ನಿಂತಿದೆ. ಮನೆಮಂದಿಯೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದಾರೆ, ನೀವೊಬ್ಬರನ್ನು ಬಿಟ್ಟು! ಯಾಕೆಂದರೆ, 'ಕೆಲವು ರಾತ್ರಿ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿ' ಎಂದು ಡಾಕ್ಟರು ಹೇಳಿದ್ದಾರೆ. ಬೆಳಿಗ್ಗೆ ಮೊಬೈಲ್‌ನಲ್ಲಿ ವರದಿ ತೆರೆದರೆ 'ಅತಿ ಕಡಿಮೆ ಆಮ್ಲಜನಕ 81' ಅಂತ ಕೆಂಪಕ್ಷರ. ಎದೆ ಧಸಕ್ ಎನ್ನದೇ ಇರುತ್ತದೆಯೇ?

ಕೋವಿಡ್ ಕಾಲದಲ್ಲಿ, ಅಂದರೆ 2020-21ರಲ್ಲಿ, 94ಕ್ಕಿಂತ ಕೆಳಗಿಳಿದರೆ ಹುಷಾರು ಎಂದು ಪಾಠ ಕಲಿತವರು ನಾವು. ಆದರೆ ಅದು ಎಚ್ಚರವಾಗಿ ಕೂತಾಗಿನ ಲೆಕ್ಕ. ಇಡೀ ರಾತ್ರಿಯ ವರದಿಯನ್ನು ಓದುವ ರೀತಿಯೇ ಬೇರೆ. ಅಲ್ಲಿ ಒಂದು ಅಂಕಿಯಲ್ಲ, ಎಷ್ಟು ಹೊತ್ತು, ಎಷ್ಟು ಸಲ ಎನ್ನುವುದು ಮುಖ್ಯ.

ರಾತ್ರಿ ನಡೆಯೋದೇನು?

ಸ್ಲೀಪ್ ಆಪ್ನಿಯಾ ಇರುವವರಿಗೆ ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡೋ, ಇನ್ನೂ ಹೆಚ್ಚೋ ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಯಾಗಿ ತಟ್ಟಿ ಎಬ್ಬಿಸುತ್ತದೆ. ಗೊರ್ ಎಂದು ಉಸಿರು ವಾಪಸ್ ಬರುತ್ತದೆ, ಎದೆಬಡಿತ ಏರುತ್ತದೆ. ತೀವ್ರ ಕಾಯಿಲೆಯಲ್ಲಿ ಇದು ಗಂಟೆಗೆ 30ಕ್ಕಿಂತ ಹೆಚ್ಚು ಸಲ ನಡೆಯುತ್ತದೆ. ಹೃದಯಕ್ಕೆ ಪಾಪ, ರಾತ್ರಿಯೂ ರಜೆ ಇಲ್ಲ! ಬಿಪಿ ಏರುವುದಕ್ಕೂ, ಎದೆಬಡಿತದ ತಾಳ ತಪ್ಪುವುದಕ್ಕೂ ಇದರ ನಂಟಿದೆ.

ಸಿಪ್ಯಾಪ್ ಆಮ್ಲಜನಕ ಕೊಡುವ ಯಂತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಕೋಣೆಯ ಗಾಳಿಯನ್ನೇ ಸ್ವಲ್ಪ ಒತ್ತಡದಿಂದ ಒಳಗೆ ಕಳಿಸಿ, ಗಂಟಲು ಮುಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಈ ಉಪಾಯವನ್ನು ಪ್ರಕಟಿಸಿದರು. ದಾರಿ ತೆರೆದಿದ್ದರೆ ಆಮ್ಲಜನಕ ತಾನಾಗಿಯೇ ಸರಿಯಾಗಿರಬೇಕು. ಇರ್ತಿದೆಯಾ ಇಲ್ಲವಾ ಎಂದು ನೋಡುವುದಕ್ಕೇ ಈ ರಾತ್ರಿಯ ಅಳತೆ.

ಯಾವ ಅಂಕಿ ನೋಡಬೇಕು?

ಎರಡು ರಾತ್ರಿಯ ವರದಿ ಇದೆ ಅಂದುಕೊಳ್ಳಿ. ಮೊದಲ ರಾತ್ರಿ ಸರಾಸರಿ 95, ಅತಿ ಕಡಿಮೆ 81, ಆದರೆ 90ಕ್ಕಿಂತ ಕೆಳಗಿದ್ದದ್ದು ಬರೀ ಒಂದು ನಿಮಿಷ. ಎರಡನೇ ರಾತ್ರಿ ಸರಾಸರಿ 91, ಅತಿ ಕಡಿಮೆ 85, 90ಕ್ಕಿಂತ ಕೆಳಗಿದ್ದದ್ದು ಒಂದು ಗಂಟೆ ನಲವತ್ತು ನಿಮಿಷ. ಯಾವುದು ಚಿಂತೆಯ ವಿಷಯ? 81 ಅಂತೀರಾ? ಇಲ್ಲ, ಎರಡನೆಯದು! ಒಂದು ನಿಮಿಷದ 81, ಮಗ್ಗುಲು ಬದಲಿಸುವಾಗ ಕ್ಲಿಪ್ ಜರುಗಿದ್ದರಿಂದಲೂ ಬಂದಿರಬಹುದು. ಗಂಟೆಗಟ್ಟಲೆ ಕೆಳಗಿರುವುದು ಹಾಗಲ್ಲ.

ಆದ್ದರಿಂದ ವರದಿಯಲ್ಲಿ ಈ ಮೂರನ್ನು ಹುಡುಕಿ.

* 90ಕ್ಕಿಂತ ಕೆಳಗೆ ಒಟ್ಟು ಎಷ್ಟು ಹೊತ್ತು ಇತ್ತು? ಕೆಲವು ಸೆಕೆಂಡುಗಳಾದರೆ ಚಿಂತೆ ಬೇಡ. 88 ಅಥವಾ ಅದಕ್ಕಿಂತ ಕಡಿಮೆ ಒಟ್ಟು ಐದು ನಿಮಿಷ ಮೀರಿದ್ದರೆ ವೈದ್ಯರಿಗೆ ತಪ್ಪದೆ ತೋರಿಸಿ.
* ಗಂಟೆಗೆ ಎಷ್ಟು ಸಲ ಇಳಿದಿದೆ? ವರದಿಯಲ್ಲಿ ಇದು 'ಒಡಿಐ' ಎಂದಿರುತ್ತದೆ. ಐದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು.
* ಯಾವ ಹೊತ್ತಿನಲ್ಲಿ ಇಳಿದಿದೆ? ಬೆಳಗಿನ ಜಾವ ಕನಸಿನ ನಿದ್ದೆ ಜಾಸ್ತಿ, ಆಗ ಸ್ನಾಯುಗಳು ಇನ್ನೂ ಸಡಿಲ. ನಾಲ್ಕು ಗಂಟೆಯ ಮೇಲೆ ಮಾತ್ರ ಇಳಿದಿದ್ದರೆ ಆ ಹೊತ್ತಿಗೆ ಒತ್ತಡ ಸಾಲದೇ ಇರಬಹುದು. ನಿದ್ದೆಗಣ್ಣಲ್ಲಿ ಮಾಸ್ಕ್ ಕಿತ್ತು ಪಕ್ಕಕ್ಕಿಟ್ಟಿರಲೂಬಹುದು!

ಎದೆಬಡಿತ ಏನು ಹೇಳುತ್ತೆ?

ನಿದ್ದೆಯಲ್ಲಿ ಎದೆಬಡಿತ ಕಡಿಮೆಯಾಗುವುದು ಸಹಜ. ನಿಮಿಷಕ್ಕೆ 50-60ರ ಸುತ್ತ ಕಂಡರೆ ಹೌಹಾರಬೇಡಿ. ದಿನಾ ವ್ಯಾಯಾಮ ಮಾಡುವವರಲ್ಲಿ, ಬಿಪಿಗೆಂದು ಬೀಟಾ ಬ್ಲಾಕರ್ ಗುಳಿಗೆ ನುಂಗುವವರಲ್ಲಿ ಇನ್ನೂ ಕಡಿಮೆ ಇರಬಹುದು. ಬಾತ್‌ರೂಮಿಗೆ ಎದ್ದಾಗ ಏರುವುದೂ ಸಹಜವೇ.

ನೋಡಬೇಕಾದದ್ದು ಗೆರೆಯ ಆಕಾರ. ಆಮ್ಲಜನಕದ ಗೆರೆ ಗರಗಸದ ಹಲ್ಲಿನಂತೆ ಮತ್ತೆ ಮತ್ತೆ ಇಳಿದು ಏರುತ್ತಿದ್ದು, ಅದರ ಜತೆಗೇ ಎದೆಬಡಿತವೂ ಏರಿಳಿಯುತ್ತಿದ್ದರೆ ಉಸಿರು ಇನ್ನೂ ಕಟ್ಟುತ್ತಿದೆ ಎಂದು ಅನುಮಾನಿಸಬೇಕು. ಚಿಕಿತ್ಸೆ ಸರಿಯಾಗಿ ನಡೆದರೆ ಈ ಹಲ್ಲುಗಳು ಮಾಯವಾಗಿ ಗೆರೆ ಹೆಚ್ಚುಕಡಿಮೆ ನೇರವಾಗುತ್ತದೆ. ಉಸಿರು ನಿಂತ ಅರ್ಧ ನಿಮಿಷದ ನಂತರವಷ್ಟೇ ಬೆರಳಿನಲ್ಲಿ ಅಂಕಿ ಇಳಿಯಬಹುದು. ಹಾಗಾಗಿ ಎರಡು ಗೆರೆಗಳು ಸ್ವಲ್ಪ ಹಿಂದೆಮುಂದೆ ಕಂಡರೆ ತಪ್ಪೇನಿಲ್ಲ.

ಅಂಕಿ ಸುಳ್ಳು ಹೇಳುವುದೂ ಉಂಟು

ತಣ್ಣಗಾದ ಕೈ, ಮೈಕೆಳಗೆ ಸಿಕ್ಕಿದ ತೋಳು, ಸಡಿಲವಾದ ಕ್ಲಿಪ್, ಗಾಢ ಬಣ್ಣದ ನೇಲ್ ಪಾಲಿಶ್, ಕಪ್ಪು ಮೆಹೆಂದಿ... ಇವೆಲ್ಲ ಲೆಕ್ಕ ಕೆಡಿಸಬಹುದು. ಒಳ್ಳೆಯ ಉಪಕರಣದಲ್ಲೂ ಎರಡು ಅಂಕಿ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಇನ್ನೊಂದು ಮಾತು, ಕಪ್ಪು ಮೈಬಣ್ಣದವರಲ್ಲಿ ಆಕ್ಸಿಮೀಟರ್ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಹಾಗಾಗಿ ಅಂಕಿ ಚೆನ್ನಾಗಿದ್ದರೂ ಸುಸ್ತು, ತಲೆನೋವು ಹೋಗದಿದ್ದರೆ ಸುಮ್ಮನಿರಬೇಡಿ. ಕೋವಿಡ್‌ನಲ್ಲಿ ಕೊಂಡ ಸಾದಾ ಆಕ್ಸಿಮೀಟರ್ ಆ ಕ್ಷಣದ ಅಂಕಿ ತೋರಿಸಲು ಮಾತ್ರ. ರಾತ್ರಿಯಿಡೀ ದಾಖಲಿಸುವುದು ಬೇರೆಯೇ ಇರುತ್ತದೆ. ಕೈಗಡಿಯಾರದ ಅಂಕಿಯನ್ನು ನಂಬಿ ಚಿಕಿತ್ಸೆ ನಿರ್ಧರಿಸುವಂತಿಲ್ಲ.

ಹಾಲಿನ ಲೆಕ್ಕದಂತೆ ಬರೆದಿಡಿ

ಹಾಲು, ಪೇಪರಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಇದಕ್ಕೂ ಸ್ವಲ್ಪ ಜಾಗ ಕೊಡಿ. ಎಷ್ಟು ಗಂಟೆ ಮಾಸ್ಕ್ ಹಾಕಿದ್ದರು, 90ಕ್ಕಿಂತ ಕೆಳಗೆ ಎಷ್ಟು ನಿಮಿಷ, ಮೂಗು ಕಟ್ಟಿತ್ತಾ, ಅಂಗಾತ ಮಲಗಿದ್ದರಾ, ಪಾರ್ಟಿಯಲ್ಲಿ ಗುಂಡು ಹಾಕಿ ಬಂದಿದ್ದರಾ, ಬೆಳಿಗ್ಗೆ ಬಾಯಿ ಒಣಗಿತ್ತಾ, ಎಲ್ಲ ಬರೆಯಿರಿ. ಬಾಯಿ ಒಣಗಿದ್ದರೆ ಬಾಯಿಂದ ಗಾಳಿ ಸೋರಿರಬಹುದು. ಸಿಪ್ಯಾಪ್ ಕೂಡ ಬಳಕೆಯ ಗಂಟೆ, ಗಾಳಿ ಸೋರಿಕೆ, ಉಸಿರು ನಿಂತ ಲೆಕ್ಕವನ್ನು ತಾನೇ ಇಟ್ಟಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ.

ಮಾಸ್ಕಿನ ಅಂಚು ತೊಳೆದು, ಪಟ್ಟಿ ಸರಿಯಾಗಿ ಕಟ್ಟಿ, ಮಗ್ಗುಲಾಗಿ ಮಲಗಿಸಿ ನೋಡುವುದು ನಿಮ್ಮ ಕೈಲಾದ ಕೆಲಸ. ಯಂತ್ರದ ಒತ್ತಡ ಬದಲಿಸುವುದು ಮಾತ್ರ ಬೇಡವೇ ಬೇಡ. 'ಒಂದು ವಾರದಿಂದ ಅಂಕಿ ಚೆನ್ನಾಗಿದೆ, ಇನ್ಯಾಕೆ ಮಾಸ್ಕು?' ಎಂದು ಯಜಮಾನರು ವರಾತ ತೆಗೆದರೆ ಹೇಳಿ, ಮಾಸ್ಕ್ ಇರೋದಕ್ಕೇ ಅಂಕಿ ಚೆನ್ನಾಗಿದೆ ಅಂತ!

ಯಾವಾಗ ತಡಮಾಡಬಾರದು?

ಮಾಸ್ಕ್ ಸರಿಯಾಗಿದ್ದೂ ಎರಡು ಮೂರು ರಾತ್ರಿ 90ಕ್ಕಿಂತ ಕೆಳಗೆ ಹೊತ್ತು ಕಳೆದರೆ, ಎದೆಬಡಿತದ ತಾಳ ತಪ್ಪುತ್ತಿದೆ ಎನಿಸಿದರೆ, ಹಗಲಿನಲ್ಲಿ ಡ್ರೈವಿಂಗ್ ಮಾಡುವಾಗಲೂ ತೂಕಡಿಕೆ ಬಂದರೆ ಬೇಗ ವೈದ್ಯರನ್ನು ಕಾಣಿ. ಅಸ್ತಮಾ, ಹೃದಯದ ತೊಂದರೆ ಇದ್ದವರು ಮೊದಲೇ ಹೇಳಬೇಕು. ಎಚ್ಚರವಿದ್ದಾಗಲೂ ಅಂಕಿ 90ಕ್ಕಿಂತ ಕೆಳಗಿದ್ದು ಮೇಲಕ್ಕೆ ಬಾರದಿದ್ದರೆ, ಎದೆನೋವು, ಏದುಸಿರು, ತುಟಿ ನೀಲಿಯಾಗುವುದು, ಮಾತು ತಡವರಿಸುವುದು ಕಂಡರೆ ಆ್ಯಪ್ ನೋಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಕೊನೆಯದಾಗಿ ನಿಮ್ಮ ವಿಷಯ. ಸ್ಲೀಪ್ ಆಪ್ನಿಯಾ ಗಂಡಸರ ಕಾಯಿಲೆ ಮಾತ್ರ ಅಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಹೆಚ್ಚುತ್ತದೆ. ಜೋರು ಗೊರಕೆ ಇಲ್ಲದೆ ಬರೀ ಸುಸ್ತು, ಬೆಳಗಿನ ತಲೆನೋವು, ನಿದ್ದೆ ಬಾರದಿರುವುದು, ಸಿಡುಕು, ಇಷ್ಟೇ ಕಾಣಿಸಬಹುದು. 'ಮನೆಕೆಲಸ ಜಾಸ್ತಿ, ಅದಕ್ಕೇ ಸುಸ್ತು' ಎಂದು ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ಯಜಮಾನರ ಮುಂದಿನ ಅಪಾಯಿಂಟ್‌ಮೆಂಟ್ ದಿನ ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ. ಏನಂತೀರಿ?