ಮಣ್ಣು ಮಾಡುತ್ತಿದ್ದ ಕೆಲಸ

ಭಾನುವಾರ ಬೆಳಗಿನ ಜಾವ ಚೆನ್ನೈನ ಕಾಸಿಮೇಡಿನ ಮೀನು ಬಂದರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಂಜರಂ, ಶಂಕರಾ, ನೆತ್ತಿಲಿ ಎಂದು ಕೂಗುವವರ ನಡುವೆ ನಾನು ಹುಡುಕುತ್ತಿದ್ದುದು ಮೀನು ಖಾಲಿಯಾದ ಥರ್ಮಾಕೋಲ್ ಪೆಟ್ಟಿಗೆಯನ್ನು. ತಳ ಸೋರದಿದ್ದರೆ ಸಾಕು ಎಂದೆ. ಮಾರುತ್ತಿದ್ದ ಹೆಂಗಸು, "ಮೀನಿಲ್ಲದೆ ಬರೀ ಪೆಟ್ಟಿ ಯಾಕಣ್ಣಾ?" ಎಂದರು. "ಸೊಪ್ಪು ಬೆಳೆಯೋಕೆ ಅಕ್ಕಾ." ಮಣ್ಣು ತುಂಬಿದರೆ ಭಾರಕ್ಕೆ ಒಡೆದುಹೋಗುತ್ತದೆ ಎಂದು ಎಚ್ಚರಿಸಿದರು. ಮಣ್ಣು ಹಾಕುವುದಿಲ್ಲ, ನೀರಿನಲ್ಲೇ ಬೆಳೆಯುತ್ತೇನೆ ಎಂದಾಗ ಅವರ ಕೈ ಒಂದು ಕ್ಷಣ ನಿಂತಿತು. "ನೀರಲ್ಲೇ ಇದ್ದರೆ ಬೇರು ಕೊಳೆಯಲ್ವಾ?"

ಜಲಕೃಷಿ, ಅಂದರೆ ಹೈಡ್ರೋಪೋನಿಕ್ಸ್ ಕಲಿಯಲು ಹೊರಟವರಿಗೆ ಮೊದಲ ದಿನವೇ ಒಂದು ರಾಶಿ ಪದಗಳು ಎದುರಾಗುತ್ತವೆ. ಇಸಿ, ಟಿಡಿಎಸ್, ಪಿಎಚ್, ಎನ್‌ಎಫ್‌ಟಿ, ಡಿಡಬ್ಲ್ಯುಸಿ, ಕೊಕೊಪೀಟ್, ನೆಟ್ ಪಾಟ್, ಏರ್ ಸ್ಟೋನ್. ಉರು ಹೊಡೆದರೆ ಇವು ತಲೆಯಲ್ಲಿ ನಿಲ್ಲುವುದಿಲ್ಲ. ಮಣ್ಣು ಗಿಡಕ್ಕಾಗಿ ಏನೇನು ಮಾಡುತ್ತಿತ್ತು ಎಂದು ಕೇಳಿಕೊಂಡರೆ ಒಂದೊಂದೇ ಪದ ತಾನಾಗಿ ತಿಳಿಯಾಗುತ್ತದೆ. ಮಣ್ಣು ಗಿಡವನ್ನು ಹಿಡಿದು ನಿಲ್ಲಿಸುತ್ತಿತ್ತು. ನೀರನ್ನೂ ಗಾಳಿಯನ್ನೂ ಒಟ್ಟಿಗೆ ಇಟ್ಟುಕೊಂಡಿರುತ್ತಿತ್ತು. ಆಹಾರವನ್ನು ಕೂಡಿಟ್ಟು ಸ್ವಲ್ಪಸ್ವಲ್ಪವಾಗಿ ಬಡಿಸುತ್ತಿತ್ತು. ಹುಳಿ ಹೆಚ್ಚದಂತೆ, ಬಿಸಿಲಿಗೆ ಬೇರು ಬೇಯದಂತೆ ಕಾಯುತ್ತಿತ್ತು. ಮಣ್ಣನ್ನು ತೆಗೆದುಹಾಕಿದ ಮೇಲೆ ಈ ಕೆಲಸಗಳನ್ನೆಲ್ಲ ನಾವೇ ಮಾಡಬೇಕು. ಮೇಲಿನ ಪಟ್ಟಿಯಲ್ಲಿರುವುದು ಆ ಕೆಲಸಗಳ ಹೆಸರು.

ಮೀನು ಮಾರುವ ಅಕ್ಕ ಕೇಳಿದ್ದು ಗಾಳಿಯ ವಿಷಯ. ಬೇರಿಗೂ ಉಸಿರು ಬೇಕು. ಎಲೆ ಕಳಿಸಿದ ಸಕ್ಕರೆಯನ್ನು ಆಮ್ಲಜನಕದ ಜೊತೆ ಉರಿಸಿಯೇ ಬೇರು ತನ್ನ ಶಕ್ತಿ ಪಡೆಯುತ್ತದೆ. ಪೋಷಕಾಂಶಗಳನ್ನು ಒಳಗೆ ಎಳೆದುಕೊಳ್ಳುವುದೂ ಅದೇ ಶಕ್ತಿಯಿಂದ. ಬೇರು ಕೊಳೆಯುವುದಕ್ಕೆ ಕಾರಣ ನೀರಲ್ಲ, ಉಸಿರುಗಟ್ಟುವುದು. ಗಾಳಿ ಸಿಗದೆ ಸೋತ ಬೇರಿನ ಮೇಲೆ ಪಿಥಿಯಂನಂಥ ರೋಗಾಣು ಏರುತ್ತದೆ. ನೀರಿನಲ್ಲಿ ಬೆರೆತಿರುವ ಈ ಆಮ್ಲಜನಕಕ್ಕೆ 'ಕರಗಿದ ಆಮ್ಲಜನಕ' ಎಂಬ ಹೆಸರಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಬಂದರೆ ಅದು ಏಳೂವರೆಗೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಬೇರಿನ ಉಸಿರಾಟ ಜೋರಾಗುತ್ತದೆ, ಸಿಗುವ ಗಾಳಿ ಮಾತ್ರ ಕಡಿಮೆಯಾಗುತ್ತದೆ. ಚೆನ್ನೈನ ತಾರಸಿಯಲ್ಲಿ ಜಲಕೃಷಿಯ ನಿಜವಾದ ಕಷ್ಟ ಇದು. ತಂಪು ದೇಶದವರು ಬರೆದ ಎಷ್ಟೋ ಕೈಪಿಡಿಗಳಲ್ಲಿ ಇದರ ಒತ್ತು ಕಡಿಮೆ.

ಡಿಡಬ್ಲ್ಯುಸಿ ಎಂದರೆ ಆಳವಾದ ನೀರಿನಲ್ಲಿ ಬೇರು ಇಳಿಬಿಟ್ಟು ಬೆಳೆಸುವುದು. ಪೆಟ್ಟಿಗೆಗೆ ನೀರು ತುಂಬಿ, ಮುಚ್ಚಳಕ್ಕೆ ತೂತು ಕೊರೆದು, ತೂತಿಗೊಂದು ಜಾಲರಿ ಕುಂಡ ಇಳಿಸಬೇಕು. ನೆಟ್ ಪಾಟ್ ಎನ್ನುವುದು ಈ ಕುಂಡವನ್ನೇ. ಏರ್ ಸ್ಟೋನ್ ಅಂದರೆ ಪಂಪು ಊದುವ ಗಾಳಿಯನ್ನು ಸಣ್ಣಸಣ್ಣ ಗುಳ್ಳೆಗಳಾಗಿ ಒಡೆಯುವ ಕಲ್ಲು. ಅಲಂಕಾರಿಕ ಮೀನುಗಳ ವ್ಯಾಪಾರಕ್ಕೆ ಹೆಸರಾದ ಕೊಳತ್ತೂರಿನ ಅಂಗಡಿಗಳಲ್ಲಿ ಕಲ್ಲೂ ಪಂಪೂ ಎರಡೂ ಸಿಗುತ್ತವೆ. ಪಂಪೇ ಬೇಡ ಎನ್ನುವವರಿಗೆ ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಅವರ ಹೆಸರಿನ ವಿಧಾನವಿದೆ. ನೀರನ್ನು ಒಮ್ಮೆ ತುಂಬಿ ಸುಮ್ಮನೆ ಬಿಡುವುದು. ಗಿಡ ಕುಡಿದಂತೆ ಮಟ್ಟ ಇಳಿಯುತ್ತದೆ. ಮೇಲೆ ಉಂಟಾದ ಖಾಲಿ ಜಾಗದಲ್ಲಿ ಬೇರಿನ ಅರ್ಧಭಾಗ ತೇವದ ಗಾಳಿಯಲ್ಲಿ ಉಸಿರಾಡುತ್ತದೆ, ಉಳಿದರ್ಧ ನೀರು ಕುಡಿಯುತ್ತದೆ. ಇಲ್ಲಿ ತಪ್ಪುವುದು ಒಂದೇ ಕಡೆ: ಮಟ್ಟ ಇಳಿದಿದೆಯಲ್ಲಾ ಎಂದು ಮತ್ತೆ ಕಂಠದವರೆಗೆ ನೀರು ಸುರಿದರೆ, ಗಾಳಿಗೆ ಒಗ್ಗಿದ ಬೇರುಗಳು ಮುಳುಗಿ ಸಾಯುತ್ತವೆ.

ಎನ್‌ಎಫ್‌ಟಿಯದು ಬೇರೆ ದಾರಿ. 1960ರ ದಶಕದಲ್ಲಿ ಇಂಗ್ಲೆಂಡಿನ ಲಿಟಲ್‌ಹ್ಯಾಂಪ್ಟನ್‌ನಲ್ಲಿದ್ದ ಗಾಜುಮನೆ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ಅಲೆನ್ ಕೂಪರ್ ಇದನ್ನು ರೂಪಿಸಿದರು. ಸ್ವಲ್ಪ ಇಳಿಜಾರಿನ ನಾಲೆಯಲ್ಲಿ ಒಂದೆರಡು ಮಿಲಿಮೀಟರ್ ದಪ್ಪದ ನೀರಿನ ಪದರ ಸದಾ ಹರಿಯುತ್ತಿರುತ್ತದೆ. ಬೇರಿನ ಹಾಸು ಕೆಳಗೆ ಒದ್ದೆ, ಮೇಲೆ ಗಾಳಿಗೆ ತೆರೆದಿರುತ್ತದೆ. ನೋಡಲು ಇದರಷ್ಟು ಚೆಂದ ಇನ್ನೊಂದಿಲ್ಲ. ಆದರೆ ಪಂಪು ನಿಂತರೆ ಬಿಸಿಲಿನಲ್ಲಿ ಕೆಲವೇ ಗಂಟೆಗಳಲ್ಲಿ ಸೊಪ್ಪು ಬಾಡುತ್ತದೆ, ಏಕೆಂದರೆ ನಾಲೆಯಲ್ಲಿ ನೀರಿನ ದಾಸ್ತಾನೇ ಇರುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಚೆನ್ನೈನ ಎಷ್ಟೋ ಬಡಾವಣೆಗಳಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಇಂಥ ಊರಿನಲ್ಲಿ ಹೊಸದಾಗಿ ಶುರು ಮಾಡುವವರು ಪೆಟ್ಟಿಗೆಯಿಂದಲೇ ಶುರು ಮಾಡಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇನ್ನು ಊಟದ ವಿಷಯ. ಅದಕ್ಕೆ ಕಾಸಿಮೇಡಿನ ದಡದಲ್ಲೇ ಪಾಠವಿದೆ. ಬಂದರಿನ ಸುತ್ತ ಹೆಂಗಸರು ಮೀನಿಗೆ ಉಪ್ಪು ಸವರಿ ಬಿಸಿಲಿಗೆ ಹರಡುತ್ತಾರೆ. ಅವರ ಮಾತಿನಲ್ಲಿ ಅದು ಕರುವಾಡು, ನಮ್ಮ ಕರಾವಳಿಯ ಒಣಮೀನು. ಬಿಸಿಲು ಮಾಡುವ ಕೆಲಸದಲ್ಲಿ ಅರ್ಧವನ್ನು ಉಪ್ಪೇ ಮುಗಿಸಿರುತ್ತದೆ. ಹೊರಗೆ ಉಪ್ಪು ಹೆಚ್ಚಾದರೆ ಒಳಗಿನ ನೀರು ಹೊರಕ್ಕೆ ಹರಿಯುತ್ತದೆ. ಬೇರಿನ ಸುತ್ತಲ ನೀರಿನಲ್ಲಿ ಲವಣ ಅತಿಯಾದರೂ ಆಗುವುದು ಇದೇ: ಗಿಡ ನೀರಿನಲ್ಲೇ ನಿಂತು ಬಾಯಾರುತ್ತದೆ. ಆದ್ದರಿಂದ ಲವಣ ಎಷ್ಟಿದೆ ಎಂದು ಅಳೆಯಬೇಕು. ಕರಗಿದ ಲವಣ ಹೆಚ್ಚಿದಷ್ಟೂ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಆ ವಾಹಕತೆಯ ಅಳತೆಯೇ ಇಸಿ. ಲೆಟ್ಯೂಸ್‌ಗೆ ಸೆಂಟಿಮೀಟರಿಗೆ ಸುಮಾರು 1.2ರಿಂದ 1.8 ಮಿಲಿಸೀಮೆನ್ಸ್ ಸಾಕು, ಟೊಮೆಟೊ 2ರಿಂದ 3.5ರವರೆಗೂ ತಾಳುತ್ತದೆ. ಬಂದರಿನಾಚೆಗಿನ ಕಡಲ ನೀರು ಹತ್ತಿರಹತ್ತಿರ 50.

ಕುಡಿಯುವ ನೀರಿನ ಯಂತ್ರದವರು ತೋರಿಸುವ ಟಿಡಿಎಸ್ ಕೂಡ ಇದೇ ಅಳತೆಯ ಇನ್ನೊಂದು ರೂಪ. ಆ ಪುಟ್ಟ ಮೀಟರು ಅಳೆಯುವುದು ವಾಹಕತೆಯನ್ನೇ. ಅದನ್ನು ಒಂದು ಸಂಖ್ಯೆಯಿಂದ ಗುಣಿಸಿ ಪಿಪಿಎಂ ಎಂದು ತೋರಿಸುತ್ತದೆ. ಕೆಲವು ಕಂಪನಿಗಳು 500ರಿಂದ ಗುಣಿಸುತ್ತವೆ, ಕೆಲವು 700ರಿಂದ. ಒಂದೇ ನೀರಿಗೆ ಎರಡು ಮೀಟರು ಎರಡು ಲೆಕ್ಕ ಹೇಳಲು ಇದೇ ಕಾರಣ. ಇಸಿಯಲ್ಲೇ ಮಾತಾಡಿದರೆ ಈ ಗೊಂದಲವಿರುವುದಿಲ್ಲ. ಇನ್ನೂ ಮುಖ್ಯವಾದ ಮಾತು, ಮೀಟರು ಎಷ್ಟು ಎಂದಷ್ಟೇ ಹೇಳುತ್ತದೆ, ಯಾವ ಲವಣ ಎಂದು ಹೇಳುವುದಿಲ್ಲ. ಕಾಸಿಮೇಡಿನಿಂದ ಉತ್ತರಕ್ಕೆ, ಮೀಂಜೂರಿನ ಸುತ್ತ, ಅತಿಯಾಗಿ ಅಂತರ್ಜಲ ಎತ್ತಿದ್ದರಿಂದ ಕಡಲ ಉಪ್ಪು ನೆಲದೊಳಗೆ ನುಗ್ಗಿದೆ. ಅಂಥ ಬೋರ್‌ವೆಲ್ ನೀರು ಮೊದಲೇ ಇಸಿ 2 ತೋರಿಸುತ್ತಿದ್ದರೆ, ಮೀಟರಿನ ಪ್ರಕಾರ ಅದರಲ್ಲಿ ಊಟ ಸಿದ್ಧವಾಗಿದೆ. ನಿಜವಾಗಿ ಇರುವುದು ಸೋಡಿಯಂ ಮತ್ತು ಕ್ಲೋರೈಡ್. ಎಲೆ ತುಂಬಿದೆ, ಊಟವಿಲ್ಲ. ಮಳೆನೀರು ಹಿಡಿದಿಟ್ಟವರು ಇಲ್ಲಿ ಗೆದ್ದರು.

ಊಟವೆಂದರೆ 14 ಖನಿಜಗಳು. ಸಾರಜನಕ, ರಂಜಕ, ಪೊಟ್ಯಾಷಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ, ಗಂಧಕ ಇವು ಹೆಚ್ಚು ಬೇಕಾದವು. ಕಬ್ಬಿಣ, ಸತು, ಬೋರಾನ್ ಮುಂತಾದ ಲಘು ಪೋಷಕಾಂಶಗಳು ಚಿಟಿಕೆಯಷ್ಟು. ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ 1860ರ ದಶಕದಲ್ಲಿ ಬರೀ ಲವಣದ ನೀರಿನಲ್ಲಿ ಗಿಡ ಬೆಳೆಸಿ ಈ ಪಟ್ಟಿಯ ಬುನಾದಿ ಹಾಕಿದರು. ಕ್ಯಾಲಿಫೋರ್ನಿಯಾದ ವಿಲಿಯಂ ಗೆರಿಕೆ ಅದನ್ನು ಪ್ರಯೋಗಶಾಲೆಯಿಂದ ಹೊರತಂದು, 1937ರಲ್ಲಿ ಹೈಡ್ರೋಪೋನಿಕ್ಸ್ ಎಂಬ ಹೆಸರನ್ನು ಬಳಕೆಗೆ ತಂದರು. ಗ್ರೀಕ್‌ನಲ್ಲಿ ಪೋನೋಸ್ ಎಂದರೆ ದುಡಿಮೆ. ಹತ್ತೇ ವರ್ಷದೊಳಗೆ, 1946ರಲ್ಲಿ, ಶೋಲ್ಟೊ ಡಗ್ಲಾಸ್ ಆಗ ಡಾರ್ಜಿಲಿಂಗ್ ಜಿಲ್ಲೆಯಲ್ಲಿದ್ದ ಕಾಲಿಂಪಾಂಗ್‌ನಲ್ಲಿ ಬಡವರೂ ಮಾಡಬಹುದಾದ ಜಲಕೃಷಿಯ ಪ್ರಯೋಗ ಶುರು ಮಾಡಿದ್ದರು.

ಪೋಷಕ ದ್ರಾವಣ ಸಾಮಾನ್ಯವಾಗಿ ಎ ಮತ್ತು ಬಿ ಎಂದು ಎರಡು ಬಾಟಲಿಯಲ್ಲಿ ಬರುತ್ತದೆ. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಸಸ್ಯ ಪೋಷಕ ರಸ'ವೂ ಹೀಗೆಯೇ. ಇದು ವ್ಯಾಪಾರದ ತಂತ್ರವಲ್ಲ. ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಭೇಟಿಯಾದರೆ ಜಿಪ್ಸಂ ಆಗಿ ತಳ ಸೇರುತ್ತವೆ, ರಂಜಕದ ಜೊತೆಗೂ ಕ್ಯಾಲ್ಸಿಯಂ ಗಟ್ಟಿಯಾಗುತ್ತದೆ. ತಳದಲ್ಲಿ ಕೂತ ಬಿಳಿ ಪುಡಿಯನ್ನು ಬೇರು ತಿನ್ನಲಾರದು. ಆದ್ದರಿಂದ ಮೊದಲು ಪೂರ್ತಿ ನೀರು, ಆಮೇಲೆ ಎ ಹಾಕಿ ಕಲಕುವುದು, ಕೊನೆಗೆ ಬಿ.

ಪಿಎಚ್‌ಗೆ ನಮ್ಮ ಕೃಷಿ ಪುಸ್ತಕಗಳಲ್ಲಿ ಒಳ್ಳೆಯ ಕನ್ನಡ ಪದವೇ ಇದೆ, ರಸಸಾರ. ಜಲಕೃಷಿಗೆ ಅದು 5.5ರಿಂದ 6.5ರ ನಡುವೆ ಇರಬೇಕು, ಅಂದರೆ ತುಸು ಹುಳಿ. ಅದು 7 ದಾಟಿದರೆ ನೀರಿನಲ್ಲಿರುವ ಕಬ್ಬಿಣ ಕರಗದ ರೂಪಕ್ಕೆ ತಿರುಗುತ್ತದೆ. ಎಳೆ ಎಲೆಯ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾದರೆ, ಕಬ್ಬಿಣ ಸುರಿಯುವ ಮೊದಲು ರಸಸಾರ ನೋಡಿ. ನಿಂಬೆರಸ ಹಿಂಡಿದರೆ ಇಳಿಯುತ್ತದೆ, ಆದರೆ ಅದರ ಆಮ್ಲವನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುವುದರಿಂದ ಎರಡು ದಿನಕ್ಕೆ ಮತ್ತೆ ಏರುತ್ತದೆ.

ಗಿಡವನ್ನು ಹಿಡಿದು ನಿಲ್ಲಿಸುವ ಕೆಲಸ ಕೊಕೊಪೀಟ್‌ಗೆ, ತೆಂಗಿನ ನಾರಿನ ಪುಡಿಗೆ. ಉಪ್ಪುನೀರಿನಲ್ಲಿ ನೆನೆದ ಸಿಪ್ಪೆಯ ನಾರಾದರೆ ಅದರಲ್ಲಿ ಸೋಡಿಯಂ ಉಳಿದಿರುತ್ತದೆ. ತೊಳೆದ ನೀರಿನ ಇಸಿ ಇಳಿಯುವ ತನಕ ತೊಳೆಯಬೇಕು.

ನನ್ನ ಮೊದಲ ಪೆಟ್ಟಿಗೆ ಹಾಳಾದದ್ದು ಮೇ ತಿಂಗಳಲ್ಲಿ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಕಾಸಿಮೇಡಿನ ದೋಣಿಗಳೆಲ್ಲ ಕಟ್ಟಿ ನಿಂತಿದ್ದ ಆ ದಿನಗಳಲ್ಲಿ ನನ್ನ ಲೆಟ್ಯೂಸಿನ ಬೇರು ಕಂದಾಗಿ ಲೋಳೆಗಟ್ಟಿತು. ಬಿಳಿ ಥರ್ಮಾಕೋಲ್ ಬೆಳಕನ್ನು ಒಳಬಿಟ್ಟು ಪಾಚಿಯೂ ಬೆಳೆದಿತ್ತು. ಈಗ ಪೆಟ್ಟಿಗೆಯ ಒಳಗೆ ಕಪ್ಪು ಹಾಳೆ, ಹೊರಗೆ ಬಿಳಿ ಬಟ್ಟೆ. ಬೇಸಿಗೆಗೆ ಲೆಟ್ಯೂಸ್ ಬಿಟ್ಟು ಬಸಳೆ. ಮಧ್ಯಾಹ್ನ ನೀರು ತುಂಬಿ ಹೆಪ್ಪುಗಟ್ಟಿಸಿದ ಒಂದು ಬಾಟಲಿಯನ್ನು ಒಳಗೆ ತೇಲಿಬಿಡುತ್ತೇನೆ. ಮಂಜುಗಡ್ಡೆಯ ತಂಪನ್ನು ಹಿಡಿದಿಡಲೆಂದೇ ಮಾಡಿದ ಪೆಟ್ಟಿಗೆ ಅದು, ತನ್ನ ಹಳೆಯ ಕೆಲಸವನ್ನು ಮರೆತಿಲ್ಲ.

ಸಂಜೆ ಮೀಟರು ಅದ್ದುತ್ತೇನೆ. ಇಸಿ ಏರಿದ್ದರೆ ಗಿಡ ಊಟಕ್ಕಿಂತ ನೀರನ್ನೇ ಹೆಚ್ಚು ಕುಡಿದಿದೆ ಎಂದು ಅರ್ಥ, ಬರೀ ನೀರು ಸೇರಿಸುತ್ತೇನೆ. ಇಳಿದಿದ್ದರೆ ಹಸಿದಿದೆ, ಎ ಮತ್ತು ಬಿ. ಬಿಸಿಲು ಜೋರಾದ ದಿನ ಅದು ಏರಿಯೇ ಇರುತ್ತದೆ. ಎರಡು ಮೂರು ವಾರಕ್ಕೊಮ್ಮೆ ಹಳೆಯ ದ್ರಾವಣವನ್ನೆಲ್ಲ ತೆಗೆದು, ಎರಡರಷ್ಟು ನೀರು ಬೆರೆಸಿ, ತಾರಸಿಯ ಮೂಲೆಯಲ್ಲಿ ಮಣ್ಣಿನ ಕುಂಡದಲ್ಲಿರುವ ಕರಿಬೇವಿಗೆ ಹಾಕುತ್ತೇನೆ. ಆ ಕುಂಡಕ್ಕೆ ಮೀಟರು ಇಟ್ಟವನಲ್ಲ.