ಧೂಮಪಾನ ಮತ್ತು ಹಲ್ಲಿನ ಬಿಳುಪು ಚಿಕಿತ್ಸೆ

ಮನೆಯಲ್ಲಿ ಮಾಡಿಕೊಳ್ಳುವ ಹಲ್ಲಿನ ಬಿಳುಪು ಚಿಕಿತ್ಸೆಯು ದಂತವೈದ್ಯರ ಸಲಹೆಯಂತೆ ಪೆರಾಕ್ಸೈಡ್ ಜೆಲ್ ಬಳಸಿ ಹಲ್ಲಿನ ಬಣ್ಣವನ್ನು ತಿಳಿಗೊಳಿಸುವ ವಿಧಾನವಾಗಿದೆ. ಇದನ್ನು 1989ರಲ್ಲಿ ಅಮೆರಿಕದ ಹೇವುಡ್ ಮತ್ತು ಹೇಮನ್ ಎಂಬ ದಂತತಜ್ಞರು ವಿವರಿಸಿದರು. ಹಲ್ಲಿನ ಅಳತೆಗೆ ತಯಾರಿಸಿದ ಪ್ಲಾಸ್ಟಿಕ್ ಟ್ರೇಯಲ್ಲಿ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ತುಂಬಿ, ಸಾಮಾನ್ಯವಾಗಿ ಎರಡು ವಾರಗಳ ಕಾಲ ದಿನವೂ ಕೆಲವು ಗಂಟೆ ಅಥವಾ ರಾತ್ರಿಯಿಡೀ ಧರಿಸಲಾಗುತ್ತದೆ. ಜೆಲ್‌ನಿಂದ ಬಿಡುಗಡೆಯಾಗುವ ಹೈಡ್ರೋಜನ್ ಪೆರಾಕ್ಸೈಡ್ ಎನಾಮಲ್ ದಾಟಿ ಒಳಸೇರಿ, ಬಣ್ಣದ ಅಣುಗಳನ್ನು ಒಡೆಯುತ್ತದೆ.

ಧೂಮಪಾನದ ಪರಿಣಾಮ

ತಂಬಾಕಿನ ಹೊಗೆಯಲ್ಲಿರುವ ಟಾರ್ ಕಂದು ಬಣ್ಣದ್ದು. ನಿಕೋಟಿನ್‌ಗೆ ಸ್ವತಃ ಬಣ್ಣವಿಲ್ಲ. ಗಾಳಿಯ ಆಮ್ಲಜನಕ ತಾಗಿದಾಗ ಅದು ಹಳದಿಯಾಗುತ್ತದೆ. ಇವೆರಡೂ ಮೊದಲು ಹಲ್ಲಿನ ಮೇಲ್ಮೈಯ ಪೊರೆಗೂ ಗಾರೆಗೂ ಅಂಟಿಕೊಳ್ಳುತ್ತವೆ. ವರ್ಷಗಟ್ಟಲೆ ಸೇದಿದಾಗ ಎನಾಮಲ್‌ನ ಸೂಕ್ಷ್ಮ ಬಿರುಕುಗಳಿಗೂ ಇಳಿಯುತ್ತವೆ.

ಧೂಮಪಾನಿಗಳಿಗೆ ಈ ಚಿಕಿತ್ಸೆ ಫಲಿಸುವುದಿಲ್ಲವೆಂಬ ನಂಬಿಕೆ ಸರಿಯಲ್ಲ. ಬ್ರೆಜಿಲ್‌ನಲ್ಲಿ ಧೂಮಪಾನಿಗಳನ್ನೂ ಧೂಮಪಾನಿಗಳಲ್ಲದವರನ್ನೂ ಹೋಲಿಸಿ ನಡೆಸಿದ ಅಧ್ಯಯನಗಳಲ್ಲಿ ಎರಡೂ ಗುಂಪಿನವರ ಹಲ್ಲು ಬಿಳುಪಾದವು. ವರ್ಷದ ನಂತರ ಎರಡೂ ಗುಂಪುಗಳಲ್ಲಿ ಬಣ್ಣ ಸ್ವಲ್ಪ ಮಸುಕಾಗಿತ್ತು. ದಂತವೈದ್ಯರು ಹಲ್ಲು ಉಜ್ಜಿ ಶುಚಿಗೊಳಿಸಿದಾಗ ತಿಳಿಯಾಯಿತು. ಅಂದರೆ ಮರಳಿ ಕಾಣುವ ಕಲೆಯ ಹೆಚ್ಚಿನ ಭಾಗ ಹೊರಗಿನದು, ಅದಕ್ಕೆ ಮತ್ತೆ ಜೆಲ್ ಬೇಕಿಲ್ಲ. ಸೇದುವುದನ್ನು ಮುಂದುವರಿಸಿದವರಲ್ಲಿ ಹೊಸ ಕಲೆ ಪ್ರತಿದಿನವೂ ಕೂಡುತ್ತ ಹೋಗುವುದರಿಂದ ಶುಚಿಗೊಳಿಸುವಿಕೆಯ ಅಗತ್ಯ ಬೇಗ ಬೀಳುತ್ತದೆ. ಪದೇ ಪದೇ ಜೆಲ್ ಬಳಸಿದರೆ ಹಲ್ಲು ಜುಮ್ಮೆನ್ನುವುದು ಹೆಚ್ಚುತ್ತದೆ. ಇದ್ದಿಲು, ಉಪ್ಪು, ನಿಂಬೆರಸಗಳಿಂದ ತಿಕ್ಕುವುದು ಇನ್ನೂ ಹಾನಿಕರ: ಎನಾಮಲ್ ಸವೆದಷ್ಟೂ ಒಳಗಿನ ಹಳದಿ ಡೆಂಟಿನ್ ಎದ್ದು ಕಾಣುತ್ತದೆ. ಹುಳುಕು ತುಂಬಿಸಿದ ಭಾಗ ಮತ್ತು ಕೃತಕ ಹಲ್ಲು ಜೆಲ್‌ನಿಂದ ಬಿಳುಪಾಗುವುದಿಲ್ಲ.

ನಿಕೋಟಿನ್ ವಸಡಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಧೂಮಪಾನಿಗಳಲ್ಲಿ ವಸಡು ರೋಗವಿದ್ದರೂ ರಕ್ತ ಒಸರುವುದು ಕಡಿಮೆ. ಆದ್ದರಿಂದ ಚಿಕಿತ್ಸೆಗೆ ಮೊದಲು ವಸಡು ಹಾಗೂ ಬಾಯಿಯ ಒಳಪದರದ ತಪಾಸಣೆ ಅವಶ್ಯಕ.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಫ್ಲೋರೈಡ್ ಕಲೆ

ಎಲ್ಲ ಕಂದು ಹಲ್ಲೂ ತಂಬಾಕಿನ ಗುರುತಲ್ಲ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ತಾಲ್ಲೂಕುಗಳಲ್ಲಿ ಗಟ್ಟಿಶಿಲೆಯೊಳಗಿನ ಅಂತರ್ಜಲವೇ ಬಹುಕಾಲದ ಆಸರೆ. ಹಲವೆಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ. ಶಾಶ್ವತ ಹಲ್ಲುಗಳು ರೂಪುಗೊಳ್ಳುವ ಸುಮಾರು ಎಂಟು ವರ್ಷದೊಳಗೆ ಇಂಥ ನೀರು ಕುಡಿದವರಲ್ಲಿ ಎನಾಮಲ್ ಸರಿಯಾಗಿ ಗಟ್ಟಿಯಾಗದೆ ಸುಣ್ಣದಂಥ ಗೆರೆಗಳು, ತೀವ್ರವಾದಾಗ ಕಂದು ಕಲೆ ಮತ್ತು ಕುಳಿಗಳು ಮೂಡುತ್ತವೆ. ಒಮ್ಮೆಯೂ ಬೀಡಿ ಮುಟ್ಟದ ಯುವಕನ ಹಲ್ಲನ್ನು ನೋಡಿ ತಂಬಾಕಿನ ಚಟವಿದೆಯೆಂದು ತಪ್ಪು ತಿಳಿಯಲು ಇಷ್ಟು ಸಾಕು.

ತಂಬಾಕಿನ ಕಲೆಯಂತೆ ಇದು ಉಜ್ಜಿದರೆ ಹೋಗದು. ಸೌಮ್ಯ ಸ್ವರೂಪದ್ದು ಜೆಲ್‌ನಿಂದ ಭಾಗಶಃ ತಿಳಿಯಾಗುತ್ತದೆ, ಆದರೆ ಆರಂಭದಲ್ಲಿ ಬಿಳಿ ಮಚ್ಚೆಗಳು ಇನ್ನಷ್ಟು ಎದ್ದು ಕಾಣಬಹುದು. ಕುಳಿ ಬಿದ್ದ ಹಲ್ಲಿಗೆ ತೆಳುಹೊದಿಕೆ ಕೂರಿಸಬೇಕಾಗುತ್ತದೆ. ಇಂಥ ಒರಟು ಎನಾಮಲ್‌ನಲ್ಲಿ ಹೊಗೆಯ ಕಲೆಯೂ ಸುಲಭವಾಗಿ ನೆಲೆಯೂರುವುದರಿಂದ, ಫ್ಲೋರೋಸಿಸ್ ಇರುವ ಧೂಮಪಾನಿಯಲ್ಲಿ ಮೊದಲು ಹೊರಗಿನ ಕಲೆ ತೆಗೆದ ನಂತರವೇ ಉಳಿದ ಬಣ್ಣ ಯಾವುದರದೆಂದು ದಂತವೈದ್ಯರು ನಿರ್ಧರಿಸುತ್ತಾರೆ.